ಬಿಲ್ಲು ನಾವು ಕಟ್ಟಿದರೆ ದೇಶಕ್ಕೆ ಏನು ನಷ್ಟ?

ಪ್ರಶ್ನೆ: ನನ್ನ ಅಣ್ಣನಿಗೆ 46ನೇ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಯಿತು. ಸ್ಟೆಂಟ್ ಹಾಕಿಸಿದೆವು. ಸಾಲ ಮಾಡಿ ಬಿಲ್ಲು ಕಟ್ಟಿದ್ದು ನಾವೇ. ಹೃದ್ರೋಗ ದೇಶಕ್ಕೆ ಆರ್ಥಿಕ ಹೊರೆ ಅಂತ ಆಗಾಗ ಓದುತ್ತೇನೆ. ದುಡ್ಡು ಕೊಟ್ಟವರು ನಾವಾದರೆ ದೇಶಕ್ಕೆ ಹೇಗೆ ಹೊರೆ? ಅಣ್ಣ ಈಗ ಆರಾಮಾಗಿದ್ದಾನೆ. ಮಾತ್ರೆ ನಿಲ್ಲಿಸಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ದಯವಿಟ್ಟು ನಿಲ್ಲಿಸಬೇಡಿ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರುವ ಮಾತ್ರೆಯನ್ನು ತಾವಾಗಿಯೇ ಬಿಟ್ಟರೆ ಸ್ಟೆಂಟಿನ (ರಕ್ತನಾಳ ಮುಚ್ಚಿಕೊಳ್ಳದಂತೆ ಒಳಗಿಟ್ಟ ಪುಟ್ಟ ಜಾಲರಿ ಕೊಳವೆ) ಒಳಗೇ ಹೆಪ್ಪುಗಟ್ಟಿ ಇನ್ನೊಂದು ಅಟ್ಯಾಕ್ ಆಗಬಹುದು. ಯಾವುದನ್ನು ಎಷ್ಟು ದಿನ ನುಂಗಬೇಕು ಅಂತ ನಿಮ್ಮಣ್ಣನನ್ನು ನೋಡುತ್ತಿರುವ ಡಾಕ್ಟರೇ ಹೇಳಬೇಕು.

ಇನ್ನು ಹೊರೆಯ ಮಾತು. ನೀವು ಕಟ್ಟಿದ ಬಿಲ್ಲೂ ಆ ಲೆಕ್ಕದಲ್ಲೇ ಬರುತ್ತದೆ. ದೇಶ ಅಂದರೆ ಸರ್ಕಾರದ ಖಜಾನೆ ಮಾತ್ರ ಅಲ್ವಲ್ಲ. ಆದರೆ ಬಿಲ್ಲು ಕಣ್ಣಿಗೆ ಕಾಣುವ ಭಾಗ ಅಷ್ಟೇ.

ನಾನು ಹೃದ್ರೋಗ ವಾರ್ಡಿನಲ್ಲಿದ್ದಾಗ ಒಬ್ಬ ಲಾರಿ ಡ್ರೈವರ್ ಬಂದಿದ್ದರು. ರಾತ್ರಿ ಶುರುವಾದ ಎದೆನೋವನ್ನು ಗ್ಯಾಸ್ ಅಂದುಕೊಂಡು ಬೆಳಗಿನವರೆಗೆ ತಡೆದುಕೊಂಡಿದ್ದರು. ಅಷ್ಟರಲ್ಲಿ ಹೃದಯದ ಸ್ನಾಯು ಸಾಕಷ್ಟು ಸತ್ತುಹೋಗಿತ್ತು. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಇಎಫ್ 30 ಬಂತು. ಅಂದರೆ ಹೃದಯ ತುಂಬಿಕೊಂಡ ರಕ್ತದಲ್ಲಿ ಪ್ರತಿ ಬಡಿತಕ್ಕೆ ಶೇ 30ರಷ್ಟನ್ನು ಮಾತ್ರ ಹೊರಗೆ ತಳ್ಳುತ್ತಿತ್ತು. ಸಾಮಾನ್ಯವಾಗಿ ಅದು 55ರ ಆಸುಪಾಸು ಅಥವಾ ಮೇಲಿರಬೇಕು. ಡಿಸ್ಚಾರ್ಜ್ ದಿನ ಅವರ ಹೆಂಡತಿ ಫೈಲು ಹಿಡಿದುಕೊಂಡು ಕೇಳಿದ್ದು ಒಂದೇ: "ಲಾರಿ ಯಾವಾಗ ಹತ್ತಬಹುದು ಸಾರ್?" ಆ ಹೃದಯ ಇಟ್ಟುಕೊಂಡು ಹತ್ತುವ ಹಾಗಿರಲಿಲ್ಲ. ಮುಂದೆ ತಪಾಸಣೆಗೆ ಬಂದಾಗ ಗೊತ್ತಾಯಿತು, ಗಂಡನನ್ನು ನೋಡಿಕೊಳ್ಳಲು ಆಕೆಯೂ ಕೆಲಸ ಬಿಟ್ಟಿದ್ದರು, ಮಗ ಕಾಲೇಜು ಬಿಟ್ಟು ಕೂಲಿಗೆ ಸೇರಿದ್ದ. ಒಬ್ಬರ ಕಾಯಿಲೆಗೆ ಇಬ್ಬರ ದುಡಿಮೆ, ಒಬ್ಬನ ಓದು ನಿಂತುಹೋಯಿತು. ಇದು ಯಾವ ಬಿಲ್ಲಿನಲ್ಲೂ ಬರೆದಿರುವುದಿಲ್ಲ.

ಇಂಥ ಮನೆಗಳನ್ನೆಲ್ಲ ಕೂಡಿಸಿ ನೋಡಿ. 2019ರಲ್ಲಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ ಜಗತ್ತಿನಲ್ಲಿ 1.79 ಕೋಟಿ ಜನ ಸತ್ತರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಟ್ಟು ಸಾವುಗಳಲ್ಲಿ ಸುಮಾರು ಮೂರನೇ ಒಂದು ಪಾಲು. ಅದರಲ್ಲೂ ಮುಕ್ಕಾಲಿಗಿಂತ ಜಾಸ್ತಿ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ವಿಶ್ವ ಆರ್ಥಿಕ ವೇದಿಕೆ ಮತ್ತು ಹಾರ್ವರ್ಡ್ ತಜ್ಞರು 2011ರಲ್ಲಿ ಕೊಟ್ಟ ಅಂದಾಜಿನಂತೆ, 2010ರ ಒಂದೇ ವರ್ಷ ಈ ಕಾಯಿಲೆಗಳಿಂದ ಜಗತ್ತಿಗೆ ಆದ ನಷ್ಟ 86,300 ಕೋಟಿ ಡಾಲರ್. ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಆಸ್ಪತ್ರೆ ಖರ್ಚಲ್ಲ, ದುಡಿಮೆ ನಿಂತ ನಷ್ಟ.

ನನಗೆ ಸಂಕಟವಾಗುವುದು ಇಲ್ಲೇ. ಸ್ಟೆಂಟು, ಆಪರೇಷನ್ನು ಅಂದರೆ ಎಲ್ಲರೂ ಹೇಗೋ ದುಡ್ಡು ಹೊಂದಿಸುತ್ತಾರೆ. ಬಿಪಿ ನೋಡಿಸಿ ಅಂದರೆ "ನನಗೇನಾಗಿದೆ?" ಅನ್ನುತ್ತಾರೆ. ಬಿಪಿ ಇರುವ ವಯಸ್ಕರಲ್ಲಿ ಹೆಚ್ಚುಕಮ್ಮಿ ಅರ್ಧ ಜನರಿಗೆ ಅದು ಇರುವುದೇ ಗೊತ್ತಿಲ್ಲ. ಮಾತ್ರೆಯೋ ಅಗ್ಗದ್ದು.

ಮೊದಲೇ ತಡೆದರೆ ಏನಾಗುತ್ತದೆ ಅಂತ ಫಿನ್‌ಲ್ಯಾಂಡ್ ತೋರಿಸಿದೆ. ಅಲ್ಲಿನ ಉತ್ತರ ಕರೇಲಿಯಾದಲ್ಲಿ ದುಡಿಯುವ ವಯಸ್ಸಿನ ಗಂಡಸರು ಒಬ್ಬರ ಹಿಂದೆ ಒಬ್ಬರು ಹೃದಯಾಘಾತದಿಂದ ಸಾಯುತ್ತಿದ್ದರು. 1972ರಲ್ಲಿ ಜನರನ್ನೇ ಸೇರಿಸಿಕೊಂಡು ಕೆಲಸ ಶುರುವಾಯಿತು. ಬೆಣ್ಣೆ, ಉಪ್ಪು, ಸಿಗರೇಟು ಕಡಿಮೆ ಮಾಡಿಸಿದರು, ತರಕಾರಿ ಹೆಚ್ಚಿಸಿದರು, ಬಿಪಿಗೆ ಚಿಕಿತ್ಸೆ ಕೊಟ್ಟರು. ಮುಂದಿನ ಕೆಲವು ದಶಕಗಳಲ್ಲಿ ಆ ವಯಸ್ಸಿನ ಗಂಡಸರಲ್ಲಿ ಹೃದಯಾಘಾತದ ಸಾವು ಶೇ 80ಕ್ಕಿಂತ ಹೆಚ್ಚು ಇಳಿಯಿತು.

ನೀವು ಕೇಳದಿದ್ದರೂ ಒಂದು ಮಾತು. ಅಣ್ಣನಿಗೆ 55 ತುಂಬುವ ಮೊದಲೇ ಅಟ್ಯಾಕ್ ಆಗಿದೆ ಅಂದರೆ ಒಡಹುಟ್ಟಿದವರಿಗೂ ಅಪಾಯ ಜಾಸ್ತಿ. ನೀವೂ, ಮನೆಯ ಉಳಿದ ಅಣ್ಣತಮ್ಮ, ಅಕ್ಕತಂಗಿಯರೂ ಈ ವಾರವೇ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿಕೊಳ್ಳಿ. ಹೋಗುವಾಗ ಅಣ್ಣನ ಫೈಲು ಜೊತೆಗಿರಲಿ, ಡಾಕ್ಟರಿಗೆ ತೋರಿಸಿ.