ಎಲೆಯ ತುದಿ ಸುಡುತ್ತಿದ್ದರೆ ಮೊದಲು ನೀರನ್ನು ನೋಡಿ

ಕೋಲಾರದ ನಿಮ್ಮ ಕ್ಲಿನಿಕ್‌ನ ಹಸಿರು ಗೋಡೆಯಲ್ಲಿ, ಅಂದರೆ ಗೋಡೆಯ ಮೇಲೆ ಸಾಲುಸಾಲಾಗಿ ಬೆಳೆಸಿದ ಗಿಡಗಳಲ್ಲಿ, ಸ್ಪೈಡರ್ ಪ್ಲಾಂಟ್ ಮತ್ತು ಡ್ರಸೀನಾ ಎಲೆಗಳ ತುದಿ ಸುಟ್ಟಂತಾಗಿದೆ, ಪಕ್ಕದ ಮನಿ ಪ್ಲಾಂಟ್ ಮಾತ್ರ ನಳನಳಿಸುತ್ತಿದೆ ಎಂದಿದ್ದೀರಿ. ದಯವಿಟ್ಟು ನೀರು ಹೆಚ್ಚಿಸಬೇಡಿ. ನನ್ನ ಅನುಮಾನ ನಿಮ್ಮ ಕೊಳವೆಬಾವಿಯ ಮೇಲೆ. ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಅನೇಕ ಕಡೆ ಫ್ಲೋರೈಡ್ ಇದೆ. ಈ ಎರಡು ಗಿಡಗಳಿಗೆ ಅದು ಆಗಿಬರುವುದಿಲ್ಲ. ಬೇರು ಹೀರಿದ ಫ್ಲೋರೈಡ್ ನೀರಿನ ಜೊತೆ ಎಲೆಯ ತುದಿಯವರೆಗೆ ಹೋಗುತ್ತದೆ, ನೀರು ಆವಿಯಾದ ಮೇಲೆ ಅಲ್ಲೇ ಉಳಿದು ಸುಡುತ್ತದೆ. ಒಣಗಿದ ತುದಿ ಮತ್ತೆ ಹಸಿರಾಗುವುದಿಲ್ಲ, ಹೊಸ ಎಲೆಗಳನ್ನು ಗಮನಿಸಿ.

ಚಾವಣಿಯ ಮಳೆನೀರನ್ನು ಆ ಗೋಡೆಗೆಂದೇ ಹಿಡಿದಿಡಿ. ಕುಡಿಯುವ ನೀರಿನ ಆರ್‌ಒ ಯಂತ್ರ ಹೊರಬಿಡುವ ನೀರನ್ನಂತೂ ಹಾಕಲೇಬೇಡಿ, ಅದರಲ್ಲಿ ಲವಣ ಇನ್ನೂ ಹೆಚ್ಚು. ಸೂಪರ್ ಫಾಸ್ಫೇಟ್ ಗೊಬ್ಬರವೂ ಬೇಡ; ಅದರಲ್ಲಿಯೂ ಫ್ಲೋರೈಡ್ ಇರುತ್ತದೆ.

ಹಾಗೆಯೇ ಮೇಲಿನ ಸಾಲಿನ ಒಂದು ಡ್ರಿಪ್ಪರ್ (ಗಿಡಕ್ಕೆ ಹನಿಹನಿಯಾಗಿ ನೀರು ಬಿಡುವ ಪುಟ್ಟ ಬಿಡಿಭಾಗ) ಬಿಚ್ಚಿ ನೋಡಿ. ನಮ್ಮ ಮನೆಯ ಗೋಡೆಯಲ್ಲಿ ಅದರ ಬಾಯಿಗೆ ಸುಣ್ಣದಂಥ ಬಿಳಿ ಪದರ ಕಟ್ಟಿ, ಹನಿ ಬೀಳುವುದೇ ನಿಂತಿತ್ತು. ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿಟ್ಟ ಮೇಲೆ ಬಿಟ್ಟುಕೊಂಡಿತು. ಮಳೆನೀರು ಸಾಲದಿದ್ದರೆ ಆ ಎರಡೂ ಗಿಡಗಳನ್ನು ಕುಂಡಕ್ಕೆ ಇಳಿಸಿ, ಮನಿ ಪ್ಲಾಂಟನ್ನೇ ಗೋಡೆ ತುಂಬ ಹಬ್ಬಿಸಿ.