ಪೈಥಾನ್ ಬರುತ್ತದೆ, ಎರಡನೇ ಭಾಷೆಗೆ ಮತ್ತೆ ಸೊನ್ನೆಯಿಂದ ಶುರು ಮಾಡಬೇಕಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕುಂದಾಪುರದ ಕಡೆಯವರು, ಬಿ.ಕಾಂ. ಆಗಿದೆ, ಯೂಟ್ಯೂಬ್ ನೋಡಿಕೊಂಡು ಎರಡು ವರ್ಷದಿಂದ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತಿದ್ದೀರಿ, ಅತ್ತೆಯ ಟ್ಯೂಷನ್ ಸೆಂಟರಿಗೆ ಹಾಜರಿ ಮತ್ತು ಫೀಸಿನ ಪ್ರೋಗ್ರಾಂ ಮಾಡಿ ಕೊಟ್ಟಿದ್ದೀರಿ. ಈಗ ಎಲ್ಲರೂ ಒಂದೇ ಭಾಷೆ ಸಾಲದು ಅನ್ನುತ್ತಿದ್ದಾರೆ. ಜಾವಾ ಕಲಿಯಲಾ, ಜಾವಾಸ್ಕ್ರಿಪ್ಟ್ ಕಲಿಯಲಾ, ಗೋ ಕಲಿಯಲಾ, ಇಲ್ಲಾ ಸಿ ಹಿಡಿದು ಮತ್ತೆ ಸೊನ್ನೆಯಿಂದ ಬರಲಾ ಅಂತ ಕೇಳಿದ್ದೀರಿ.

ಸೊನ್ನೆಯಿಂದ ಬೇಡ ಮಾರಾಯ್ರೆ. ಆದರೆ "ಒಂದು ಬಂದರೆ ಎಲ್ಲ ಬಂದ ಹಾಗೆ, ಸಿಂಟ್ಯಾಕ್ಸ್ (ಬರೆಯುವ ವ್ಯಾಕರಣ) ಅಷ್ಟೇ ಬೇರೆ" ಅನ್ನುವವರನ್ನೂ ಪೂರ್ತಿ ನಂಬಬೇಡಿ. ನಾನು ನಂಬಿದೆ. ನಂಬಿ ಐವತ್ತು ರೂಪಾಯಿ ಲೆಕ್ಕ ತಪ್ಪಿಸಿ ಧಣಿಗಳ ಹತ್ತಿರ ಬೈಸಿಕೊಂಡೆ. ಅದನ್ನೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಕಲಿತದ್ದೆಲ್ಲ ಅಲ್ಲೇ ಉಂಟು.

ನಾನೂ ಬಿ.ಕಾಂ.ನವನೇ. ಮಂಗಳೂರಿನ ಬಂದರಿನಲ್ಲಿ ಒಂದು ಸಗಟು ಅಂಗಡಿಯ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಅಕ್ಕಿ, ಬೇಳೆ, ಮೆಣಸಿನ ವ್ಯಾಪಾರ. ದಿನಾ ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬರುವುದು. ಪೈಥಾನ್ ಕಲಿತದ್ದಕ್ಕೆ ದೊಡ್ಡ ಕಾರಣ ಏನೂ ಇಲ್ಲ, ಸೋಮಾರಿತನ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನಿಂದ ತೆಗೆದ ಫೈಲನ್ನೂ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಟಿಕ್ ಹಾಕುವುದು ಸಾಕಾಗಿತ್ತು. ಒಂದು ವರ್ಷ ಒದ್ದಾಡಿದ ಮೇಲೆ ಆ ಕೆಲಸ ಒಂದು ನಿಮಿಷಕ್ಕೆ ಬಂತು. ಆಮೇಲೆ ಲಾರಿ ಬಾಡಿಗೆ ಹಂಚುವುದಕ್ಕೂ ಸುಮಾರು ಇನ್ನೂರು ಸಾಲಿನ ಒಂದು ಪ್ರೋಗ್ರಾಂ ಬರೆದೆ.

ಎರಡನೇ ಭಾಷೆಗೆ ಕೈ ಹಾಕಿದ್ದು ಅದಾದ ಮೇಲೆ. ಮೊದಲ ಒಂದು ವರ್ಷ ಪೂರ್ತಿ ಹಾಳು. ಬೇಸಿಗೆಯಲ್ಲಿ ಜಾವಾಸ್ಕ್ರಿಪ್ಟ್, ಮಳೆಗಾಲದಲ್ಲಿ ಜಾವಾ, ದಸರಾ ಹೊತ್ತಿಗೆ ರಸ್ಟ್. ಎಲ್ಲದರಲ್ಲೂ ಮೂರನೇ ವಿಡಿಯೋ ತನಕ. ವೇರಿಯೇಬಲ್ ಎಂದರೇನು, ಇಫ್ ಎಂದರೇನು ಅಂತ ಅವರು ಹೇಳುವಾಗ ನಿದ್ದೆ ಬರುತ್ತಿತ್ತು, ಅದೆಲ್ಲ ಗೊತ್ತಿದ್ದದ್ದೇ ಅಲ್ವಾ ಅಂತ ಮುಂದಕ್ಕೆ ಓಡಿಸಿದರೆ ಏನೇನೂ ಅರ್ಥವಾಗದ ಜಾಗಕ್ಕೆ ಹೋಗಿ ಬೀಳುತ್ತಿದ್ದೆ. ಸ್ವಂತವಾಗಿ ಕಲಿತವರಿಗೆಲ್ಲ ಈ ಮಂಡೆಬಿಸಿ ಇದ್ದದ್ದೇ ಅಂತ ಈಗ ಅನಿಸುತ್ತದೆ. ಬಿಗಿನರ್ ಪಾಠ ಜಾಸ್ತಿ ಸುಲಭ, ಮುಂದಿನ ಪಾಠ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರಿಗೆ. ಮಧ್ಯದಲ್ಲಿ ನಿಂತವರಿಗೆ ಯಾರೂ ವಿಡಿಯೋ ಮಾಡುವುದಿಲ್ಲ.

ಕೊನೆಗೆ ಭಾಷೆಯನ್ನು ಆರಿಸಿದ್ದು ನಾನಲ್ಲ, ಅಂಗಡಿಯ ಕೌಂಟರಿನಲ್ಲಿದ್ದ ಹಳೆಯ ಕಂಪ್ಯೂಟರ್. ಅದರಲ್ಲಿ ನನ್ನ ಬಾಡಿಗೆ ಪ್ರೋಗ್ರಾಂ ಓಡಬೇಕಾದರೆ ಪೈಥಾನ್ ಹಾಕಬೇಕು, ಅದಕ್ಕೆ ಬೇಕಾದ ಲೈಬ್ರರಿ (ಬೇರೆಯವರು ಬರೆದಿಟ್ಟ ಕೋಡು) ಹಾಕಬೇಕು, ಒಂದು ದಿನ ಯಾರೋ ಏನೋ ಅಪ್‌ಡೇಟ್ ಒತ್ತಿದರೆ ಎಲ್ಲ ನಿಂತಿತು, ಮತ್ತೆ ನಾನೇ ಹೋಗಬೇಕು. ಗೋದಲ್ಲಿ ಬರೆದರೆ ಬೇರೆ ಏನೂ ಹಾಕದೆ ಓಡುವ ಒಂದೇ ಒಂದು ಎಕ್ಸ್‌ಇ ಫೈಲ್ ಸಿಗುತ್ತದೆ, ಪೆನ್‌ಡ್ರೈವಿನಲ್ಲಿ ತಂದು ಹಾಕಿದರೆ ಆಯಿತು, ಮನೆಯ ಲಿನಕ್ಸ್ ಲ್ಯಾಪ್‌ಟಾಪಿನಲ್ಲೇ ಕೂತು ವಿಂಡೋಸಿಗೆ ಬೇಕಾದ ಫೈಲನ್ನು ಮಾಡಬಹುದು ಅಂತ ಒಬ್ಬರು ಹೇಳಿದರು. ಗೂಗಲ್ 2009ರಲ್ಲಿ ಹೊರಗೆ ಬಿಟ್ಟ ಭಾಷೆ, 1.0 ಬಂದದ್ದು 2012ರಲ್ಲಿ. ಯುನಿಕ್ಸ್ ಆಪರೇಟಿಂಗ್ ಸಿಸ್ಟಂ ಮಾಡಿದವರಲ್ಲಿ ಒಬ್ಬರಾದ ಕೆನ್ ಥಾಮ್ಸನ್ ಇದರ ಮೂವರು ಮೂಲ ಕರ್ತೃಗಳಲ್ಲೂ ಒಬ್ಬರು. ನನಗೆ ಅದಕ್ಕಿಂತ ಇಷ್ಟವಾದದ್ದು ಅದರಲ್ಲಿರುವುದು ಬರೀ 25 ಕೀವರ್ಡ್ (ಭಾಷೆಯೇ ತನಗಾಗಿ ಕಾದಿರಿಸಿದ ಪದ) ಅನ್ನುವುದು. ಗೋದವರದೇ ಸೈಟಿನಲ್ಲಿ ಟೂರ್ ಅನ್ನುವ ಒಂದು ಪಾಠ ಉಂಟು, ಅದನ್ನು ಬಸ್ಸಿನಲ್ಲಿ ಫೋನ್ ಹಿಡಿದುಕೊಂಡು ಓದಿದೆ. ಕಾಪು ದಾಟುವಾಗ ಸ್ಟ್ರಕ್ಟ್ (ಹಲವು ವಿವರಗಳನ್ನು ಒಟ್ಟಿಗೆ ಇಡುವ ಕಟ್ಟು), ಸುರತ್ಕಲ್ ಬರುವಾಗ ಪಾಯಿಂಟರ್ (ಅಸಲು ಎಲ್ಲಿ ಉಂಟು ಅಂತ ತೋರಿಸುವ ವಿಳಾಸ), ಒಂದು ವಾರದಲ್ಲಿ ಮುಗಿಯಿತು. ಮೂರು ವಾರಕ್ಕೆ ಬಾಡಿಗೆ ಪ್ರೋಗ್ರಾಂ ಗೋದಲ್ಲಿ ರೆಡಿ. ಇಷ್ಟೇಯಾ ಅಂತ ಸ್ವಲ್ಪ ಅಹಂಕಾರವೂ ಬಂತು.

ಆಗ ಬಂದದ್ದು ಆ ಐವತ್ತು ರೂಪಾಯಿ.

ಒಂದು ಲಾರಿಯಲ್ಲಿ 100 ಚೀಲ ಅಕ್ಕಿ ಬಂದಿತ್ತು, ಬಾಡಿಗೆ 4550 ರೂಪಾಯಿ. ಚೀಲಕ್ಕೆ 45 ರೂಪಾಯಿ 50 ಪೈಸೆ ಬೀಳಬೇಕು. ಹಳೆಯ ಪ್ರೋಗ್ರಾಂನಲ್ಲಿ 4550ನ್ನು 100ರಿಂದ ಭಾಗಿಸಿದ್ದೆ. ಗೋದಲ್ಲೂ ಅದೇ ಸಾಲು, ಭಾಗಿಸುವ ಅದೇ ಓರೆಗೆರೆ (/). ಪೈಥಾನ್ 45.5 ಕೊಡುತ್ತದೆ. ಗೋ 45 ಕೊಟ್ಟಿತು. ಎರಡೂ ಪೂರ್ಣ ಸಂಖ್ಯೆ ಆಗಿದ್ದರೆ ಗೋ ಉತ್ತರವನ್ನೂ ಪೂರ್ಣ ಸಂಖ್ಯೆಯಾಗಿಯೇ ಕೊಡುತ್ತದೆ, ಬಾಕಿಯನ್ನು ಸುಮ್ನೆ ಬಿಟ್ಟುಬಿಡುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಒಂದು ಪೂರ್ಣ ಸಂಖ್ಯೆ, ಇನ್ನೊಂದು ಫ್ಲೋಟ್ (ದಶಮಾಂಶ ಸಂಖ್ಯೆ) ಆಗಿದ್ದರೆ ಕಂಪೈಲರ್ (ಕೋಡನ್ನು ಓಡುವ ಫೈಲಾಗಿ ಮಾಡುವ ಪ್ರೋಗ್ರಾಂ) ಅಲ್ಲೇ ಹಿಡಿದು ನಿಲ್ಲಿಸುತ್ತಿತ್ತು, ಎರಡೂ ಒಂದೇ ಜಾತಿಯವು ಆಗಿದ್ದಕ್ಕೆ ಅದಕ್ಕೆ ಏನೂ ತೊಂದರೆ ಕಾಣಲಿಲ್ಲ. ಸಂಜೆ ಧಣಿಗಳು ಕನ್ನಡಕ ಮೂಗಿನ ತುದಿಗೆ ಇಳಿಸಿ, ಕಾಗದದ ಅಂಚಿನಲ್ಲಿ ಪೆನ್ಸಿಲಿನಿಂದ ಗುಣಿಸಿ, "ನಾನು ಲಾರಿಯವನಿಗೆ ಕೊಟ್ಟದ್ದು ನಾಲ್ಕು ಸಾವಿರದ ಐನೂರ ಐವತ್ತು. ನಿನ್ನ ಕಂಪ್ಯೂಟರಿನಲ್ಲಿ ನಾಲ್ಕು ಸಾವಿರದ ಐನೂರು ಉಂಟಲ್ಲ ಮಾರಾಯಾ, ಐವತ್ತು ಎಲ್ಲಿಗೆ ಹೋಯಿತು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಸ್ಸಿನಲ್ಲಿ ಬರುವಾಗ ಆ ಪ್ರೋಗ್ರಾಂನ ಎಲ್ಲ ಕಷ್ಟದ ಜಾಗಗಳನ್ನೂ ನೆನಪಿನಲ್ಲೇ ತಡಕಾಡಿದೆ, ಭಾಗಾಕಾರದ ಸಾಲಿನ ಮೇಲೆ ಸಂಶಯವೇ ಬರಲಿಲ್ಲ. ಭಾಗಾಕಾರದಲ್ಲಿ ಎಂತ ತಪ್ಪುವುದು?

ನಮ್ಮ ಊರಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ತುಳುವಿನಲ್ಲಿ ಅಪ್ಪೆ ಅಂದರೆ ಅಮ್ಮ, ಅಮ್ಮೆ ಅಂದರೆ ಅಪ್ಪ. ಘಟ್ಟದ ಮೇಲಿಂದ ಬಂದ ಕನ್ನಡದವರು ತುಳು ಕಲಿಯುವಾಗ ಗೊತ್ತೇ ಇಲ್ಲದ ಪದ ಬಂದರೆ ನಿಂತು ಕೇಳುತ್ತಾರೆ, ಅಲ್ಲಿ ತಪ್ಪಾಗುವುದಿಲ್ಲ. ಅಪ್ಪೆ ಅಂದಾಗ ಕೇಳುವುದಿಲ್ಲ, ಗೊತ್ತುಂಟು ಅಂತ ತಲೆಯಾಡಿಸುತ್ತಾರೆ. ಎರಡನೇ ಪ್ರೋಗ್ರಾಮಿಂಗ್ ಭಾಷೆಯೂ ಹಾಗೇ ಮೋಸ ಮಾಡುತ್ತದೆ. ಗೋರೂಟೀನ್, ಚಾನೆಲ್ ಅಂತ ಹೊಸ ಹೆಸರಿನವುಗಳನ್ನು ನಾನು ಹೆದರಿ ಹೆದರಿ ನಾಲ್ಕು ಸಲ ಓದಿದ್ದೆ, ಅವು ಒಮ್ಮೆಯೂ ಕೈ ಕೊಡಲಿಲ್ಲ.

ಅಂದ ಹಾಗೆ ಈ ಭಾಗಾಕಾರದ ವಿಷಯದಲ್ಲಿ ಪೈಥಾನೇ ಪೈಥಾನಿನ ಹಾಗೆ ಇರಲಿಲ್ಲ. ಪೈಥಾನ್ 2ರಲ್ಲಿ 7ನ್ನು 2ರಿಂದ ಭಾಗಿಸಿದರೆ 3 ಬರುತ್ತಿತ್ತು. 2008ರಲ್ಲಿ ಬಂದ ಪೈಥಾನ್ 3 ಅದನ್ನು 3.5 ಮಾಡಿತು, ಹಳೆಯ ರೀತಿ ಬೇಕಾದವರಿಗೆ ಎರಡು ಓರೆಗೆರೆ ಉಂಟು. ನಾನು ನೇರ 3ಕ್ಕೆ ಹತ್ತಿದವನು, ಹಾಗಾಗಿ ಅದು ಲೋಕದ ನಿಯಮ ಅಂತ ತಿಳಿದಿದ್ದೆ, ಯಾರೋ ಕೂತು ತೀರ್ಮಾನ ಮಾಡಿದ ವಿಷಯ ಅಂತ ಹೊಳೆದಿರಲಿಲ್ಲ.

ಸರಿಪಡಿಸುವಾಗ ಇನ್ನೂ ಒಂದು ಕಲಿತೆ. ಮೊದಲು ಎಲ್ಲವನ್ನೂ ಫ್ಲೋಟ್ ಮಾಡಿದೆ. ದುಡ್ಡಿಗೆ ಅದು ಸರಿಯಲ್ಲ, ಪೈಥಾನಿನಲ್ಲೇ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಅನ್ನುತ್ತದೆ. ಈಗ ಎಲ್ಲ ಲೆಕ್ಕವನ್ನೂ ಪೈಸೆಯಲ್ಲೇ ಇಡುತ್ತೇನೆ. ಉದಾಹರಣೆಗೆ ಅದೇ ಬಾಡಿಗೆಗೆ 100ರ ಬದಲು 96 ಚೀಲ ಬಂದರೆ, 4,55,000 ಪೈಸೆಯಲ್ಲಿ ಚೀಲಕ್ಕೆ 4739 ಪೈಸೆ, ಬಾಕಿ 56 ಪೈಸೆ. ಆ 56ನ್ನು ರೌಂಡ್ ಆಫ್ ಖಾತೆಗೆ ಹಾಕುತ್ತದೆ. ಬಿ.ಕಾಂ. ಓದಿದ್ದಕ್ಕೆ ಕಂಪ್ಯೂಟರಿನಲ್ಲಿ ಉಪಯೋಗ ಆದದ್ದು ಅದೊಂದೇ ದಿನ ಅಂತ ಕಾಣುತ್ತದೆ.

ಎರಡನೇ ಪೆಟ್ಟು ಬಿದ್ದದ್ದು ಲೂಪಿನಲ್ಲಿ, ಅಂದರೆ ಪಟ್ಟಿಯ ಒಂದೊಂದರ ಮೇಲೂ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಜಾಗದಲ್ಲಿ. ಪಾರ್ಟಿಗಳ ಪಟ್ಟಿಯ ಮೇಲೆ ಲೂಪ್ ಹಾಕಿ ಒಬ್ಬೊಬ್ಬರ ಬಾಕಿ ಬರೆಯುತ್ತಾ ಹೋದೆ. ಲೂಪಿನ ಒಳಗೆ ಪ್ರಿಂಟ್ ಮಾಡಿದರೆ ಬಾಕಿ ಸರಿಯಾಗಿ ಕಾಣುತ್ತದೆ, ಹೊರಗೆ ಬಂದು ನೋಡಿದರೆ ಎಲ್ಲ ಸೊನ್ನೆ. ಎರಡು ರಾತ್ರಿ ಹೋಯಿತು. ಗೋದಲ್ಲಿ ಲೂಪಿಗೆ ಸಿಗುವುದು ಸ್ಟ್ರಕ್ಟಿನ ಪ್ರತಿ. ನಾನು ಜೆರಾಕ್ಸ್ ಕಾಪಿಯಲ್ಲಿ ಬಾಕಿ ಬರೆದು ಅಸಲು ಲೆಡ್ಜರ್ ತೆರೆದು ಹುಡುಕುತ್ತಿದ್ದೆ. ಪೈಥಾನಿನಲ್ಲಿ ಲೂಪಿಗೆ ಸಿಗುವುದು ಅಸಲು ವಸ್ತುವೇ, ಹಾಗಾಗಿ ಅಲ್ಲಿ ಇದೇ ಸಾಲು ಕೆಲಸ ಮಾಡುತ್ತಿತ್ತು. ಯಾಕೆ ಕೆಲಸ ಮಾಡುತ್ತಿತ್ತು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಪ್ರತಿ ಯಾವುದು, ಅಸಲು ಯಾವುದು, ಪಾಯಿಂಟರ್ ಎಂತಕ್ಕೆ ಅಂತ ನನಗೆ ತಿಳಿದದ್ದು ಗೋದಿಂದ. ಆದರೆ ಅದರಿಂದ ಜಾಸ್ತಿ ಸುಧಾರಿಸಿದ್ದು ನನ್ನ ಪೈಥಾನ್.

ಡಿಕ್ಷನರಿ (ಒಂದೊಂದು ಹೆಸರಿಗೆ ಒಂದೊಂದು ಬೆಲೆ ಜೋಡಿಸಿಡುವ ಪಟ್ಟಿ) ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಪೈಥಾನ್ 3.7ರಿಂದ ಡಿಕ್ಷನರಿ ಹಾಕಿದ ಕ್ರಮದಲ್ಲೇ ಕೊಡುತ್ತದೆ. ಗೋದಲ್ಲಿ ಅಂಥದ್ದಕ್ಕೆ ಮ್ಯಾಪ್ ಅನ್ನುತ್ತಾರೆ, ಅದು ಪ್ರತಿ ಸಲ ಬೇರೆ ಕ್ರಮದಲ್ಲಿ ಕೊಡುತ್ತದೆ, ಅದೂ ಬೇಕೆಂದೇ, ಯಾರೂ ಕ್ರಮವನ್ನು ನೆಚ್ಚಿಕೊಳ್ಳಬಾರದು ಅಂತ. ನನ್ನ ರಿಪೋರ್ಟ್ ಬೆಳಿಗ್ಗೆ ಒಂದು ರೀತಿ, ಮಧ್ಯಾಹ್ನ ಒಂದು ರೀತಿ ಬರುತ್ತಿತ್ತು.

ಇಷ್ಟೆಲ್ಲ ಸಿಕ್ಕಿಬಿದ್ದದ್ದು ನನ್ನ ಬುದ್ಧಿವಂತಿಕೆಯಿಂದಲ್ಲ. ಹಳೆಯ ಪ್ರೋಗ್ರಾಂ ಇತ್ತು, ಅದರ ಸರಿಯಾದ ಉತ್ತರ ನನ್ನ ಹತ್ತಿರ ಇತ್ತು, ಅದಕ್ಕೇ. ಅಂಗಡಿಗೆ ಟ್ಯಾಲಿ ಬಂದ ಹೊಸದರಲ್ಲಿ ಹಳೆಯ ರೈಟರು (ಗುಮಾಸ್ತರು) ಒಂದು ವರ್ಷ ಕೈಬರಹದ ಲೆಡ್ಜರನ್ನೂ ಬಿಡದೆ ಬರೆದಿದ್ದರಂತೆ, ತಿಂಗಳ ಕೊನೆಗೆ ಎರಡನ್ನೂ ತಾಳೆ ನೋಡುವುದು. ಐವತ್ತು ರೂಪಾಯಿ ಆದ ಮೇಲೆ ನಾನೂ ಹಾಗೇ ಮಾಡಿದೆ. ಒಂದೇ ಫೈಲನ್ನು ಎರಡೂ ಪ್ರೋಗ್ರಾಂಗೆ ಕೊಟ್ಟು, ಹೊರಗೆ ಬಂದದ್ದನ್ನು ತಾಳೆ ನೋಡಿದೆ, ಎರಡು ತಿಂಗಳು. ಹಾಗಾಗಿ ಹೊಸ ಭಾಷೆಗೆ ಹೊಸ ಪ್ರಾಜೆಕ್ಟ್ ಹಿಡಿಯಬೇಡಿ. ಎರಡೂ ಹೊಸತಾದರೆ ತಪ್ಪು ಭಾಷೆಯದ್ದಾ, ಲೆಕ್ಕದ್ದಾ ಅಂತ ಗೊತ್ತೇ ಆಗುವುದಿಲ್ಲ.

ಸಮಯ ಎಷ್ಟು ಬೇಕು ಅಂತಲೂ ಕೇಳಿದ್ದೀರಿ. ಪ್ರೋಗ್ರಾಂ ಓಡಲು ನನಗೆ ಮೂರು ವಾರ. ಪೈಥಾನಿನ ಧಾಟಿ ಬಿಟ್ಟು ಗೋವನ್ನು ಗೋದ ಹಾಗೆ ಬರೆಯಲು ಐದು ತಿಂಗಳು. ನಾವು ಬೆಂಗಳೂರಿಗೆ ಹೋಗಿ "ಬರ್ತದೆ, ಹೋಗ್ತದೆ" ಅಂದರೆ ಅವರು ಒಂದೇ ನಿಮಿಷದಲ್ಲಿ ಮಂಗಳೂರಾ ಅಂತ ಕೇಳುವುದಿಲ್ವಾ, ನನ್ನ ಮೊದಲ ಗೋ ಕೋಡ್ ನೋಡಿದವರೂ ಹಾಗೇ ಪೈಥಾನಿಂದ ಬಂದಿರಾ ಅಂತ ಕೇಳಿದ್ದರು.

ಎಐ ಹತ್ತಿರ ಕೊಟ್ಟರೆ ಪೂರ್ತಿ ಪ್ರೋಗ್ರಾಂ ಅದೇ ಬದಲಿಸಿ ಕೊಡುತ್ತದೆ, ನಿಜ. ಕೆಲಸ ಆಗಬೇಕಾದರೆ ಮಾಡಿಸಿ. ಕಲಿಯಬೇಕಾದರೆ ಮೊದಲು ನೀವೇ ಬರೆದು, ಸಿಕ್ಕಿಹಾಕಿಕೊಂಡ ಮೇಲೆ ಯಾಕೆ ಹೀಗೆ ಅಂತ ಕೇಳಿ.

ಈಗ ನಿಮಗೆ ಯಾವ ಭಾಷೆ. ಫೀಸಿನ ಲೆಕ್ಕವನ್ನು ನೀವು ಎಲ್ಲಿ ಇಟ್ಟಿದ್ದೀರೋ ಗೊತ್ತಿಲ್ಲ. ಎಕ್ಸೆಲ್ ಫೈಲಿನಲ್ಲಿ ಇದ್ದರೆ ಮೊದಲು ಡೇಟಾಬೇಸಿನ ಜೊತೆ ಮಾತಾಡುವ ಎಸ್‌ಕ್ಯೂಎಲ್ ಕಲಿಯಿರಿ, ಅದನ್ನು ಯಾರೂ ಭಾಷೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಯಾವ ಕೆಲಸಕ್ಕೆ ಹೋದರೂ ಬೇಕು. ಆಮೇಲೆ ಜಾವಾಸ್ಕ್ರಿಪ್ಟ್. ಅತ್ತೆ ಫೋನಿನಲ್ಲೇ ಹಾಜರಿ ಹಾಕುವ ಹಾಗೆ ಆಗಬೇಕು ಅಂತ ನೀವೇ ಬರೆದಿದ್ದೀರಿ, ಬ್ರೌಸರಿನಲ್ಲಿ ಓಡುವುದು ಅದೇ. ಹೆಸರು ನೋಡಿ ಜಾವಾದ ತಮ್ಮ ಅಂದುಕೊಳ್ಳಬೇಡಿ, ಸಂಬಂಧ ಏನೂ ಇಲ್ಲ. 1995ರಲ್ಲಿ ಬ್ರೆಂಡನ್ ಐಕ್ 10 ದಿನದಲ್ಲಿ ಅದರ ಮೊದಲ ರೂಪ ಮಾಡಿದ್ದು, ಆಗ ಜಾವಾದ ಹವಾ ಜೋರಿತ್ತು ಅಂತ ಆ ಹೆಸರು ಇಟ್ಟದ್ದು. ನಾನು ಗೋ ಕಲಿತೆ ಅಂತ ನೀವೂ ಕಲಿಯಬೇಕು ಅಂತಿಲ್ಲ, ನಿಮ್ಮ ಅತ್ತೆಯ ಹತ್ತಿರ ನಮ್ಮ ಕೌಂಟರಿನ ಕಂಪ್ಯೂಟರ್ ಇಲ್ಲವಲ್ಲ.

ಜಾವಾಸ್ಕ್ರಿಪ್ಟಿನ ಅಪ್ಪೆ-ಅಮ್ಮೆ ಎರಡು ಈಗಲೇ ಹೇಳಿಬಿಡುತ್ತೇನೆ. ಫಾರ್ಮಿನಲ್ಲಿ ಟೈಪ್ ಮಾಡಿದ ಫೀಸು ಪಠ್ಯವಾಗಿ ಬರುತ್ತದೆ. ಪಠ್ಯದ 500ಕ್ಕೆ ಸಂಖ್ಯೆ 200 ಕೂಡಿಸಿದರೆ ಪೈಥಾನ್ ಎರರ್ ಕೊಟ್ಟು ನಿಲ್ಲುತ್ತದೆ, ಜಾವಾಸ್ಕ್ರಿಪ್ಟ್ ಖುಷಿಯಿಂದ 500200 ಅನ್ನುತ್ತದೆ. ಮಕ್ಕಳ ತಂದೆತಾಯಿಗೆ ಆ ಮೆಸೇಜ್ ಹೋಗುವ ಮೊದಲು ನೋಡಿಕೊಳ್ಳಿ. ಇನ್ನೊಂದು, ಅಲ್ಲಿಯ ಸಾರ್ಟ್ (ಕ್ರಮದಲ್ಲಿ ಜೋಡಿಸುವುದು) ಸಂಖ್ಯೆಗಳನ್ನೂ ಪಠ್ಯದ ಹಾಗೆ ಹೋಲಿಸುತ್ತದೆ. ಹಾಜರಿ ಪಟ್ಟಿಯಲ್ಲಿ ರೋಲ್ ನಂಬರ್ 1 ಆದ ಮೇಲೆ 10, 11, 12 ಬಂದು, ಎಷ್ಟೋ ಹೊತ್ತಿನ ಮೇಲೆ 2 ಬಂದರೆ ಗಾಬರಿಯಾಗಿ ಎಲ್ಲ ಅಳಿಸಬೇಡಿ. ಹೇಗೆ ಹೋಲಿಸಬೇಕು ಅಂತ ಹೇಳುವ ಒಂದು ಚಿಕ್ಕ ಫಂಕ್ಷನ್ ಸಾರ್ಟಿಗೆ ಕೊಟ್ಟರೆ ಸರಿಯಾಗುತ್ತದೆ.