ಜಿಪ್ ಬಿಚ್ಚಿದೆ, ಸಂಚಿಕೆಗಳು ಮಾಯ

ಪ್ರಶ್ನೆ: ನಮ್ಮದು ಸಣ್ಣ ಮಾಸಪತ್ರಿಕೆ. 18 ವರ್ಷದ ಸಂಚಿಕೆಗಳು ತಿಂಗಳಿಗೊಂದರಂತೆ 216 ಜಿಪ್ ಫೈಲುಗಳಾಗಿದ್ದವು. ಎಲ್ಲವನ್ನೂ ಬಿಚ್ಚಲು ಲಿನಕ್ಸ್‌ನಲ್ಲಿ ಶೆಲ್ ಸ್ಕ್ರಿಪ್ಟ್ (ಒಂದಾದ ಮೇಲೊಂದು ಓಡುವ ಆದೇಶಗಳ ಪಟ್ಟಿ) ಬರೆದೆ. ಹಳೆಯದರ ಮೇಲೆ ಬರೆಯಲೇ ಎಂದು ಮತ್ತೆ ಮತ್ತೆ ಕೇಳುತ್ತಿತ್ತು. ಕೇಳದೆಯೇ ಬರೆಯಲಿ ಎಂದು, ಜಿಪ್ ಬಿಚ್ಚುವ ಅನ್‌ಜಿಪ್ ಆದೇಶಕ್ಕೆ ‘ಡ್ಯಾಶ್ ಓ’ ಸೇರಿಸಿದೆ. ಮುಂದಿನ ಸಾಲಿನಲ್ಲಿ ಜಿಪ್ ಅಳಿಸಲು ‘ಆರ್‌ಎಂ’ ಇತ್ತು. ಈಗ ಉಳಿದಿರುವುದು 48 ಪುಟ. ಏನಾಯಿತು?
– ಓದುಗರೊಬ್ಬರು, ಧಾರವಾಡ

ಉತ್ತರ: ಮೊದಲು ಆ ಕಂಪ್ಯೂಟರ್ ಆಫ್ ಮಾಡಿ. ಅಳಿಸಿದ ಫೈಲಿನ ಜಾಗದಲ್ಲಿ ಬೇರೊಂದು ಬಂದು ಕೂರುವ ತನಕ ಅದು ಮರಳಿ ಸಿಗುವ ಸಾಧ್ಯತೆ ಇದೆ. ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ, ಅಳಿಸಿದ ಫೈಲು ಹುಡುಕಿಕೊಡುವ ಫೋಟೋರೆಕ್ ಎಂಬ ತಂತ್ರಾಂಶ ಓಡಿಸಿ. ಹೆಸರಿನಲ್ಲಿ ಫೋಟೋ ಇದ್ದರೂ ಅದು ಜಿಪ್‌ಗಳನ್ನೂ ಹುಡುಕುತ್ತದೆ. ಸಿಕ್ಕಿದ್ದನ್ನು ಇನ್ನೊಂದು ಡಿಸ್ಕಿಗೇ ಬರೆಸಿ. ಫೈಲಿನ ಹಳೆಯ ಹೆಸರು ಉಳಿದಿರುವುದಿಲ್ಲ, ಮುಖಪುಟ ನೋಡಿಯೇ ತಿಂಗಳು ಗುರುತಿಸಬೇಕು. ಡಿಸ್ಕ್ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್ಪಿನ ಡಿಸ್ಕ್) ಆಗಿದ್ದರೆ ಆಸೆ ಕಡಿಮೆ.

ನಾನು ಬಹಳ ವರ್ಷ ಪತ್ರಿಕೆಯೊಂದರ ಪುಟವಿನ್ಯಾಸ ವಿಭಾಗದ ಸರ್ವರ್ ನೋಡಿಕೊಂಡವಳು. ಅಲ್ಲಿಯೂ ಪ್ರತಿ ಸಂಚಿಕೆಯ ಫೈಲು ‘ಪುಟ 01’ರಿಂದಲೇ ಶುರುವಾಗುತ್ತಿತ್ತು. ನಿಮ್ಮಲ್ಲೂ ಹಾಗೇ ಇದ್ದಿರಬೇಕು. ಎಲ್ಲವೂ ಒಂದೇ ಫೋಲ್ಡರಿಗೆ ಬಿಚ್ಚಿಕೊಂಡು, ಪ್ರತಿ ತಿಂಗಳು ಹಿಂದಿನ ತಿಂಗಳನ್ನು ನುಂಗಿದೆ. ಅನ್‌ಜಿಪ್ ಕೇಳುತ್ತಿದ್ದ ಆ ಪ್ರಶ್ನೆಯೇ ಎಚ್ಚರಿಕೆಯಾಗಿತ್ತು.

ಅನ್‌ಜಿಪ್ ಗೆದ್ದರೆ ಮಾತ್ರ ಆರ್‌ಎಂ ಓಡುವಂತೆ ನಡುವೆ ಎರಡು ಆ್ಯಂಪರ್‌ಸ್ಯಾಂಡ್ ಹಾಕಿ ಎಂದು ಹಲವರು ಹೇಳುತ್ತಾರೆ. ಒಳ್ಳೆಯ ಅಭ್ಯಾಸವೇ, ಆದರೆ ಇಲ್ಲಿ ಉಳಿಸುತ್ತಿರಲಿಲ್ಲ. ಒಂದರ ಮೇಲೊಂದು ಬರೆದರೂ ಅನ್‌ಜಿಪ್ ಲೆಕ್ಕದಲ್ಲಿ ಕೆಲಸ ಸರಿಯಾಗಿಯೇ ಮುಗಿದಿದೆ; ಅದು ‘ಸೊನ್ನೆ’ಯನ್ನೇ, ಅಂದರೆ ತೊಂದರೆಯಿಲ್ಲವೆಂದೇ, ಹಿಂತಿರುಗಿಸುತ್ತದೆ. ಆದ್ದರಿಂದ ಬಿಚ್ಚುವ ಸ್ಕ್ರಿಪ್ಟಿನಲ್ಲಿ ಆರ್‌ಎಂ ಬೇಡವೇ ಬೇಡ.

ಹೀಗೆ ಮಾಡಿ: ಪ್ರತಿ ಜಿಪ್ಪಿಗೂ ಅದರದೇ ಹೆಸರಿನ ಫೋಲ್ಡರ್ ಮಾಡಿ, ‘ಡ್ಯಾಶ್ ಡಿ’ ಕೊಟ್ಟು ಅದರೊಳಕ್ಕೇ ಬಿಚ್ಚಿ. ಅದಕ್ಕೂ ಮೊದಲು ‘ಡ್ಯಾಶ್ ಟಿ’ಯಿಂದ ಜಿಪ್ ಕೆಟ್ಟಿಲ್ಲವೆಂದು ನೋಡಿಕೊಳ್ಳಿ. ಸ್ಕ್ರಿಪ್ಟಿನಲ್ಲಿ ಫೈಲಿನ ಹೆಸರು ಹಿಡಿದ ವೇರಿಯಬಲ್ಲಿಗೆ ಡಬಲ್ ಕೋಟ್ ತಪ್ಪಿಸಬೇಡಿ. ಇಲ್ಲದಿದ್ದರೆ ‘ಯುಗಾದಿ ವಿಶೇಷಾಂಕ’ ನಡುವಿನ ಖಾಲಿ ಜಾಗದಿಂದಾಗಿ ಶೆಲ್ಲಿಗೆ (ಆದೇಶ ಓದುವ ತಂತ್ರಾಂಶಕ್ಕೆ) ಎರಡು ಫೈಲಾಗಿ ಕಾಣುತ್ತದೆ. ಬಿಚ್ಚಿದ ಜಿಪ್ಪನ್ನು ‘ಎಂವಿ’ಯಿಂದ ‘ಮುಗಿದವು’ ಎಂಬ ಫೋಲ್ಡರಿಗೆ ಸರಿಸಿ. ಕೊನೆಗೆ ಫೋಲ್ಡರ್‌ಗಳನ್ನು ಎಣಿಸಿ, 216 ಬರಬೇಕು.

ಫೋಟೋರೆಕ್‌ಗೂ ಸಿಗದ ಸಂಚಿಕೆಗಳಿಗಾಗಿ ನಿಮ್ಮ ಮುದ್ರಣಾಲಯದವರನ್ನು ಕೇಳಿ. ಪ್ಲೇಟ್ ಮಾಡಿಸಲು ನೀವು ಕಳಿಸಿದ್ದ ಪಿಡಿಎಫ್‌ಗಳು ಅವರ ಇಮೇಲಿನಲ್ಲಿ ಇನ್ನೂ ಉಳಿದಿರಬಹುದು.